ಗೋಂದು ಕಚ್ಚುವ ತನಕ

ಗೋಂದು ಹಚ್ಚುವ ಮೊದಲೇ ಹೇಳಿಬಿಟ್ಟರೆ ಮೇಷ್ಟ್ರು ಕೈ ಕೊಡವಿಕೊಂಡು ಎದ್ದು ಹೋಗಬಹುದು. ಹಚ್ಚಿದ ಮೇಲೆ ಹೇಳಿದರೆ ಹೋಗಲಾರರು, ಆಗ ಅವರ ಎರಡೂ ಕೈ ಮರದ ಮೇಲಿರುತ್ತವೆ. ಆದರೆ ಕೈ ಬಿಡುವಿಲ್ಲದ ಮನುಷ್ಯನ ಮುಂದೆ ತಪ್ಪೊಪ್ಪಿಕೊಳ್ಳುವುದು ಧೈರ್ಯವೋ, ಏಟು ಬೀಳದಂತೆ ಮಾಡಿಕೊಂಡ ಏರ್ಪಾಡೋ? ಅದಾಲ್ಸಿರ್ ಬೆಳಿಗ್ಗೆ ಆರು ಗಂಟೆಯಿಂದ ಇದನ್ನೇ ಯೋಚಿಸುತ್ತಿದ್ದ. ನಿನ್ನೆ ಪೇಟೆಯಲ್ಲಿ ಗೋಂದು ಕೊಳ್ಳುವಾಗಲೂ ಇದೇ ಯೋಚನೆ. ಅಂಗಡಿಯವನು ಎರಡು ಡಬ್ಬಿ ಮುಂದಿಟ್ಟಿದ್ದ. ಒಂದು ಐದು ನಿಮಿಷಕ್ಕೆ ಕಚ್ಚುವುದು, ಇನ್ನೊಂದು ಇಪ್ಪತ್ತು ನಿಮಿಷಕ್ಕೆ. ಮರಗೆಲಸ ಬಲ್ಲವನು ಮರ ನೋಡಿ ಗೋಂದು ಆರಿಸುತ್ತಾನೆ. ಅದಾಲ್ಸಿರ್ ತನ್ನ ತಪ್ಪೊಪ್ಪಿಗೆಯ ಉದ್ದ ನೋಡಿ ಆರಿಸಿದ. ಬಚ್ಚಲಲ್ಲಿ ಎರಡು ಸಲ ಹೇಳಿಕೊಂಡು ಅಳೆದೂ ಇದ್ದ: ಪೀಠಿಕೆಗೆ ಹನ್ನೊಂದು ನಿಮಿಷ, ಸಂದರ್ಭ ವಿವರಿಸುವುದಕ್ಕೆ ನಾಲ್ಕು, ವಿಷಯಕ್ಕೆ ಅರ್ಧ. ಇಪ್ಪತ್ತರ ಡಬ್ಬಿಯನ್ನೇ ತಂದ.

ಹಿತ್ತಿಲ ಜಗಲಿಯ ಮೇಜಿನ ಮೇಲೆ ಐದು ಪಟ್ಟಿಗಳಿದ್ದವು. ಮೂರು ಫ್ರೇಯ್ಜೊ ಮರದವು, ಗೋಧಿಬಣ್ಣದವು. ಅವುಗಳ ನಡುವೆ ಕೂರಬೇಕಾದ ತೆಳ್ಳನೆಯ ಎರಡು ಪೌರೋಶೊ ಮರದವು, ಕೊಯ್ದಾಗ ಮಂಕು ಕಂದು, ನಾಲ್ಕು ದಿನ ಬೆಳಕು ಕಂಡ ಮೇಲೆ ನೇರಳೆ. ಎಲ್ಲವೂ ಗ್ವಾಮಾ ನದಿಯ ದಂಡೆಯಲ್ಲಿ ದೋಣಿ ಕಟ್ಟುವ ಶೆಡ್ಡುಗಳಿಂದ ಆಯ್ದು ತಂದ ತುಂಡುಗಳು. ಐದನ್ನೂ ಅಂಟಿಸಿ ಒಂದು ಮಾಡಿ, ಆಮೇಲೆ ಕೆತ್ತಿ, ಎಲೆಕ್ಟ್ರಿಕ್ ಗಿಟಾರಿಗೆ ತೋಳು ಮಾಡಬೇಕು. ತಂತಿಯ ಕೆಳಗೆ ಬೆರಳು ಓಡಾಡುವ ಆ ಉದ್ದನೆಯ ಭಾಗಕ್ಕೆ ಬೆಲೇಮ್ ಊರಿನಲ್ಲಿ ತೋಳು ಅಂತಲೇ ಹೆಸರು. ಒಂದೇ ಮರದ ತೋಳಾದರೆ ಈ ಊರಿನ ತೇವಕ್ಕೆ ಆರು ತಿಂಗಳಲ್ಲಿ ಬಾಗುತ್ತದೆ. ಐದು ಪಟ್ಟಿಯದಾದರೆ ಒಂದು ಹೊರಟ ದಿಕ್ಕಿಗೆ ಇನ್ನೊಂದು ಹೋಗಗೊಡುವುದಿಲ್ಲ. ಇದನ್ನೆಲ್ಲ ಅವನು ಓದಿ ತಿಳಿದುಕೊಂಡಿದ್ದ. ಓದಿ ತಿಳಿದುಕೊಂಡದ್ದರ ಫಲ ಅಡುಗೆಮನೆಯ ಕಿಟಕಿಯಲ್ಲಿತ್ತು: ಎರಡು ವಾರದ ಹಿಂದೆ ಒಬ್ಬನೇ ಕೂತು ಅಂಟಿಸಿದ ಮೊದಲ ತೋಳು. ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಎರಡು ದಿನ ಇಟ್ಟು ಬಿಚ್ಚಿದಾಗ ಅದು ನಿದ್ದೆಯಲ್ಲಿ ಹೊರಳಿದವನ ಹಾಗೆ ತಿರುಚಿಕೊಂಡಿತ್ತು. ಈಗ ಅದು ಕಿಟಕಿಯ ಬಾಗಿಲನ್ನು ಮೇಲಕ್ಕೆತ್ತಿ ನಿಲ್ಲಿಸುವ ಕೋಲು. ಅದರ ಹಿಂದಿನಿಂದ ಅಕ್ಕ ದುಲ್ಸಿ ತಲೆ ಹೊರಹಾಕಿದಳು. ಒಳಗೆ ಮೀನು ಹುರಿಯುವ ಸದ್ದು.

“ಇವತ್ತಾದ್ರೂ ಬಾಯಿ ಬಿಡ್ತೀಯೋ, ಇಲ್ಲ ಗಿಟಾರ್ ಮಾಡಿ ಅದರ ಕೈಲೇ ಹೇಳಿಸ್ತೀಯೋ?”

“ಮೆತ್ತಗೆ ಮಾತಾಡಕ್ಕ.”

“ಅವರಿನ್ನೂ ಬಂದೇ ಇಲ್ವಲ್ಲೋ. ನಾಲ್ಕು ವರ್ಷದಿಂದ ಮೆತ್ತಗೇ ಮಾತಾಡ್ತಿದೀನಿ ನಾನು.”

“ಹೇಳ್ತೀನಿ. ಇವತ್ತು ಹೇಳ್ತೀನಿ.”

“ಹೋದ ಹಬ್ಬಕ್ಕೂ ಹಿಂಗೇ ಅಂದೆ. ನಾನು ಬಾತುಕೋಳಿ ಮಾಡಿ ಬಡಿಸಿದ್ದೇ ಬಂತು. ಎರಡನೇ ಸಲ ಹಾಕಿಸ್ಕೊಂಡು ಉಂಡು, ನಿನ್ನ ತಲೆ ಸವರಿ ಹೋದ್ರು ಪಾಪ.”

ತಲೆ ಸವರಿದ್ದು ನಿಜ. ನಲವತ್ತನಾಲ್ಕು ವರ್ಷದ, ಅರ್ಧ ಬೋಳಾದ ತಲೆ. ಅದಾಲ್ಸಿರ್ ಕೆಲಸ ಮಾಡುವುದು ಜನರ ಸಹಿ ಅವರದೇ ಎಂದು ನೋಡಿ ಮೊಹರು ಒತ್ತುವ ಕಚೇರಿಯಲ್ಲಿ. ದಿನಕ್ಕೆ ಇನ್ನೂರು ಸಲ ‘ಇದು ದಿಟ’ ಎಂದು ಒತ್ತುತ್ತಾನೆ. ಅದಕ್ಕೆ ಮುಂಚೆ ತತ್ವಶಾಸ್ತ್ರ ಓದಿದ್ದ, ಮೌನದ ಬಗ್ಗೆ ಒಂದು ಪ್ರಬಂಧ ಶುರುಮಾಡಿ ಇನ್ನೂರ ಹನ್ನೆರಡು ಪುಟ ಬರೆದು, ಹೇಳಬೇಕಾದ್ದು ಇನ್ನೂ ಬಹಳ ಇದೆ ಎಂದು ನಿಲ್ಲಿಸಿದ್ದ. ಈ ಓಣಿಯಲ್ಲಿ ಜೇಬಿನಲ್ಲಿ ಪೆನ್ನಿಟ್ಟವರನ್ನೆಲ್ಲ ಡಾಕ್ಟರು ಎನ್ನುತ್ತಾರೆ, ಹಾಗಾಗಿ ಅವನೂ ಡಾಕ್ಟರು. ಮೇಷ್ಟ್ರು ಜೆನೋಬಿಯೊ ನಾಲ್ಕು ವರ್ಷದ ಹಿಂದೆ ಬಂದದ್ದು ಆ ಡಾಕ್ಟರನ್ನು ಹುಡುಕಿಕೊಂಡೇ. ಇಸ್ತ್ರಿ ಮಾಡಿದ ಅಂಗಿ, ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಫೋಟೋಗಳು, ಯಾರೋ ಫೋನಿನಲ್ಲಿ ಹಿಡಿದ ಒಂಬತ್ತು ಹಾಡು. ವಾರವೆಲ್ಲ ದೋಣಿಯ ಬಡಗಿ, ಶನಿವಾರ ಬಂತೆಂದರೆ ನದಿಯ ಉದ್ದಕ್ಕೂ ಕುಣಿತದ ಮನೆಗಳಲ್ಲಿ ಗಿಟಾರು. ನಲವತ್ತು ವರ್ಷ ಹೀಗೆ. ಸರ್ಕಾರ ಹಳೆಯ ಸಂಗೀತದ ಮೇಷ್ಟ್ರುಗಳನ್ನು ಗುರುತಿಸಿ ಮನ್ನಣೆ ಕೊಡುತ್ತದೆಯಂತೆ, ಅರ್ಜಿ ಹಾಕಬೇಕಂತೆ. “ನಂಗೆ ಬರಿಯಕ್ಕೆ ಬರಲ್ಲ ಅಂತಲ್ಲ ಡಾಕ್ಟ್ರೇ, ನಾನು ಬರೆದ್ರೆ ದೋಣಿ ಲೆಕ್ಕದ ಥರ ಇರತ್ತೆ. ನೀನು ಬರೆದ್ರೆ ಕೇಳೋ ಹಂಗಿರತ್ತೆ.” ಕೇಳುವ ಹಾಗೆ! ಅದಾಲ್ಸಿರ್ ಹದಿನಾಲ್ಕು ಪುಟ ಬರೆದ. ಬೇಕಾಗಿದ್ದದ್ದು ಎರಡು. ಮೂರನೆಯ ಪುಟದಲ್ಲಿ ನದಿಯ ಬಗ್ಗೆ ಒಂದು ವಾಕ್ಯವಿತ್ತು. ಅದನ್ನು ಎಷ್ಟು ತಿದ್ದಿದರೂ ನದಿ ಹರಿಯಲಿಲ್ಲ. ಶುಕ್ರವಾರ ಸಂಜೆ ಐದಕ್ಕೆ ಕೊನೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದನ್ನು ಅವನು ರಾತ್ರಿ ಹನ್ನೆರಡು ಎಂದು ನಂಬಿದ, ಏಕೆಂದರೆ ಹಾಗಿದ್ದರೆ ವಾಕ್ಯಕ್ಕೆ ಇನ್ನೂ ಏಳು ಗಂಟೆ ಸಿಗುತ್ತಿತ್ತು. ಐದೂ ಇಪ್ಪತ್ತಕ್ಕೆ ‘ಹರಿ’ ತೆಗೆದು ‘ಸಾಗು’ ಹಾಕಿದ. ಸಂತೋಷವಾಯಿತು. ಕಳಿಸಲು ಹೋದರೆ ಕಂಪ್ಯೂಟರಿನ ಪರದೆಯ ಮೇಲೆ ಮುಚ್ಚಿದೆ ಎಂಬ ಒಂದೇ ಪದ. ಅಷ್ಟು ಚೊಕ್ಕವಾದ ವಾಕ್ಯವನ್ನು ತಾನು ಎಂದೂ ಬರೆಯಲಾರೆ ಎಂದು ಅನಿಸಿದ್ದು ಅವನಿಗೆ ಈಗಲೂ ನೆನಪಿದೆ. ನಾಚಿಕೆಯ ಹೊತ್ತಿನಲ್ಲೂ ಮೊದಲು ಅನಿಸಿದ್ದು ಅದೇ.

“ಏನೋ ಡಾಕ್ಟ್ರೇ! ಆ ಕಿಟಕಿಗೆ ಯಾಕೆ ಮೋಟರ್ ದೋಣಿಯ ತಿರುಗೋ ರೆಕ್ಕೆ ಕೊಟ್ಟಿದೀಯ? ಮನೆ ತಗೊಂಡು ಎಲ್ಲಿಗೆ ಹೊರಟ್ರಿ ಅಕ್ಕ ತಮ್ಮ?”

ಮೇಷ್ಟ್ರು ಜೆನೋಬಿಯೊ ಹಿತ್ತಿಲ ಬಾಗಿಲಲ್ಲಿ ನಿಂತು ತಿರುಚಿದ ತೋಳನ್ನು ನೋಡಿ ನಗುತ್ತಿದ್ದರು. ಅರವತ್ತೆಂಟರ ಗಿಡ್ಡ ಆಳು, ಬರಿಮೈ ಮೇಲೆ ಟವೆಲು, ಬೆರಳುಗಳು ಬಾಳೆಕಾಯಿಯಷ್ಟು ದಪ್ಪ. ಆ ಬೆರಳುಗಳ ಅಗಲಕ್ಕೇ ಅದಾಲ್ಸಿರ್ ಪಟ್ಟಿಗಳನ್ನು ಕೊಯ್ಯಿಸಿದ್ದ, ಆದರೆ ಹೇಳಿದ್ದು ಬೇರೆ: ಕಾಲ ಕಳೆಯಲು ತನಗೊಂದು ಗಿಟಾರು ಮಾಡಿಕೊಳ್ಳುತ್ತಿದ್ದೇನೆ, ಒಂದು ಕೈ ಸಹಾಯ ಬೇಕು.

“ಒಂದೇ ಕಡೆ ಸುತ್ತಿದೀಯ,” ಮೇಷ್ಟ್ರು ಕಿಟಕಿಯ ಹತ್ತಿರ ಹೋಗಿ ಬೆರಳಾಡಿಸಿದರು. “ಶುರುವಿಂದ ಕೊನೇವರ್ಗೂ ಬಲಗಡೆಗೇ. ಪಗಡಿ ಸುತ್ತಿದಂಗೆ. ರಬ್ಬರು ಎಳ್ದಿದ್ ಕಡೆ ಮರ ಹೋಗ್ದೆ ಇನ್ನೇನು ಮಾಡತ್ತೆ?”

“ಪುಸ್ತಕದಲ್ಲಿ ಬಿಗಿಯಾಗಿ ಸುತ್ತಿ ಅಂತಷ್ಟೇ ಇತ್ತು ಮೇಷ್ಟ್ರೇ.”

“ಪುಸ್ತಕ ಬರೆದೋನ ಹತ್ರ ಕ್ಲ್ಯಾಂಪು ಇತ್ತೇನೋ. ದುಲ್ಸಿ, ಕಾಫಿ ಇದ್ಯೇನಮ್ಮ?”

“ಇದೆ ಮೇಷ್ಟ್ರೇ. ಇವನು ಏನೋ ಹೇಳ್ಬೇಕಂತೆ ನಿಮಗೆ.”

“ಏನೋ?”

ಕಿಟಕಿಯಲ್ಲಿ ಅಕ್ಕನ ಮುಖ, ಬಾಗಿಲಲ್ಲಿ ಮೇಷ್ಟ್ರ ಮುಖ. ಅದಾಲ್ಸಿರ್ ಗೋಂದಿನ ಡಬ್ಬಿ ಎತ್ತಿ ತೋರಿಸಿದ. “ಇದು ಇಪ್ಪತ್ತು ನಿಮಿಷದ್ದು.”

“ಸರಿ, ಕಾಫಿ ಕುಡೀಬೋದು ಹಂಗಾದ್ರೆ,” ಎಂದರು ಮೇಷ್ಟ್ರು. ಕಿಟಕಿಯೊಳಗಿನಿಂದ ಬಾಣಲೆಯನ್ನು ಬೇಕಂತಲೇ ಕುಕ್ಕಿದ ಸದ್ದು ಬಂತು.

ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಮೇಷ್ಟ್ರು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿದರು. ನಡುವಿನ ಪಟ್ಟಿಯನ್ನು ತಲೆಕೆಳಗು ಮಾಡಿದರು, ಅದರ ಎಳೆ ಪಕ್ಕದವುಗಳಿಗೆ ಎದುರಾಗಿ ಓಡಲಿ ಎಂದು. ನೇರಳೆ ಪಟ್ಟಿಯ ಮೇಲೆ ಹೆಬ್ಬೆರಳು ಉಜ್ಜಿ ಮೂಸಿದರು. ಈ ಮರ ಎಣ್ಣೆ ಬಿಡತ್ತೆ, ಸ್ಪಿರಿಟ್ಟಿನಲ್ಲಿ ಒರೆಸದಿದ್ದರೆ ಗೋಂದು ಮೇಲೆ ಮೇಲೇ ಕೂತಿರತ್ತೆ, ಒಳಗೆ ಹೋಗಲ್ಲ. ಅದಾಲ್ಸಿರ್ ಒರೆಸಿದ. ಚಿಂದಿ ಬಟ್ಟೆ ನೇರಳೆಯಾಯಿತು, ಬೆಳಿಗ್ಗೆ ತಿಂದ ಅಸಾಯಿ ಹಣ್ಣಿನ ಗಂಜಿಯ ಬಣ್ಣವೇ. ಮೇಲೆ ಮೇಲೇ ಕೂತಿರುತ್ತದೆ ಎಂಬ ಮಾತು ತನ್ನ ಬಗ್ಗೆಯೇ ಹೇಳಿದ್ದು ಎನಿಸಿ ಅವನು ಮುದುಡಿದ. ಮರುಕ್ಷಣವೇ, ಪ್ರಪಂಚದಲ್ಲಿ ಯಾರು ಯಾವ ಮರದ ಬಗ್ಗೆ ಏನು ಹೇಳಿದರೂ ಅದು ತನ್ನ ಬಗ್ಗೆಯೇ ಎಂದು ತಿಳಿಯುವ ಈ ಜಂಬಕ್ಕೆ ಯಾವ ಸ್ಪಿರಿಟ್ಟು ಎಂದು ಕೇಳಿಕೊಂಡ. ಹಾಗೆ ಕೇಳಿಕೊಂಡದ್ದೂ ಒಂದು ಒಳ್ಳೆಯ ವಾಕ್ಯದಂತೆ ಕಂಡಿತು. ಒರೆಸುವುದನ್ನು ಮುಂದುವರಿಸಿದ.

ಗೋಂದು ಬಿತ್ತು. ಇಪ್ಪತ್ತು ನಿಮಿಷದ ಮೊದಲನೆಯ ನಿಮಿಷ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹರಡುತ್ತ ಅದಾಲ್ಸಿರ್, “ಮೇಷ್ಟ್ರೇ, ಮನುಷ್ಯ ಒಂದು ಕೆಲಸವನ್ನ ತುಂಬ ಪ್ರೀತಿಯಿಂದ ಮಾಡೋಕೆ ಹೋಗಿ...” ಎಂದು ಪೀಠಿಕೆ ತೆಗೆದ.

“ಅಂಚಿಗೆ ಹಚ್ಚು, ಅಂಚಿಗೆ. ನಡುವೆ ಎಷ್ಟು ಪ್ರೀತಿ ಮಾಡಿದ್ರೂ ಬಿಚ್ಕೊಳ್ಳೋದು ಅಂಚು.”

ಐದೂ ಪಟ್ಟಿ ಒಂದರ ಮೇಲೊಂದು ಕೂತವು. ಆಚೆ ಈಚೆ ಎರಡು ನೇರವಾದ ಹಲಗೆ, ಅಂಟದಿರಲಿ ಎಂದು ನಡುವೆ ಪ್ಲಾಸ್ಟಿಕ್ಕು. ಒತ್ತಿದೊಡನೆ ಪಟ್ಟಿಗಳು ಸೋಪು ಹಚ್ಚಿದ ಮೀನಿನ ಹಾಗೆ ಜಾರತೊಡಗಿದವು. ಒಂದನ್ನು ತಳ್ಳಿದರೆ ಇನ್ನೊಂದು ಹೊರಗೆ. ಮೇಷ್ಟ್ರು ಎದೆಯಿಂದ ಒತ್ತಿ ಹಿಡಿದು, ಟ್ಯೂಬಿನ ಎರಡು ಉದ್ದನೆಯ ಪಟ್ಟಿಗಳನ್ನು ನಡುಮಧ್ಯದಲ್ಲಿ ಸಿಕ್ಕಿಸಿದರು. ಒಂದರ ತುದಿ ಅವನ ಕೈಗೆ. “ನೀನು ನಿನ್ನ ಕಡೆ ಸುತ್ತು, ನಾನು ನನ್ನ ಕಡೆ. ನಿಂದು ಬಲಕ್ಕೆ ಹೋದ್ರೆ ನಂದು ಎಡಕ್ಕೆ. ತುದಿ ಮುಟ್ಟಿ ವಾಪಸ್ ಬರುವಾಗ ನಿಂದರ ಮೇಲೆ ನಂದು, ನಂದರ ಮೇಲೆ ನಿಂದು. ಆದ್ರೆ ಎಳೆಯೋದು ಇಬ್ರೂ ಒಂದೇ ಸಮ. ಒಬ್ಬ ಸಡ್ಲ ಬಿಟ್ರೆ ಇನ್ನೊಬ್ಬನ ಕಡೆ ತಿರುಚತ್ತೆ.”

“ಮೇಷ್ಟ್ರೇ, ಆ ಅರ್ಜಿ—”

“ಎಳಿ!”

ಎಳೆದ. ರಬ್ಬರು ಕೈಯಿಂದ ಜಾರಿ ಅವನ ಕೆನ್ನೆಗೇ ಬಾರಿಸಿತು. ಮೇಷ್ಟ್ರು ‘ಎಗ್ವಾ!’ ಎಂದು ಕೂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆದರೆ ಅವರ ಕೈ ಒಂದಿಷ್ಟೂ ಸಡಿಲಲಿಲ್ಲ. ಏಟಿನ ವಿಷಯದಲ್ಲಿ ತಾನು ಮಾಡಿದ ಎಣಿಕೆ ಅಷ್ಟರಮಟ್ಟಿಗೆ ಸರಿ, ಬಂದ ದಿಕ್ಕು ಮಾತ್ರ ಬೇರೆ ಎಂದುಕೊಂಡ ಅದಾಲ್ಸಿರ್. ಮತ್ತೆ ತುದಿ ಹಿಡಿದು ಎಳೆದ. ಪ್ರತಿ ಸುತ್ತಿಗೂ ಪಟ್ಟಿಗಳ ನಡುವಿನಿಂದ ಗೋಂದಿನ ಮಣಿಗಳು ಸಾಲಾಗಿ ಹೊರಬಂದವು. ತುದಿಯಿಂದ ವಾಪಸು ಬಂದು ನಡುವೆ ಇಬ್ಬರ ಕೈಗಳೂ ಒಂದಕ್ಕೊಂದು ತಗುಲಿದಾಗ ಹನ್ನೆರಡನೆಯ ನಿಮಿಷ.

“ಗಂಟು ಹಾಕ್ಬೇಡ. ಗಂಟಿದ್ದ ಕಡೆ ಒತ್ತಡ ಜಾಸ್ತಿ ಆಗತ್ತೆ,” ಎಂದರು ಮೇಷ್ಟ್ರು. “ಹಿಡ್ಕೊಂಡು ನಿಂತಿರೋಣ, ಗೋಂದು ಕಚ್ಚೋ ತನಕ.”

ನಿಂತರು. ಒಬ್ಬ ಮೇಜಿನ ಈ ಕಡೆ, ಒಬ್ಬರು ಆ ಕಡೆ, ನಡುವೆ ಕಪ್ಪು ರಬ್ಬರಿನ ಒಂದು ಕಟ್ಟು. ಬೆಲೇಮಿನಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ಬರುವ ಮಳೆಗೆ ಮೋಡ ಕಟ್ಟುತ್ತಿತ್ತು. ಇದೇ ಆ ಹೊತ್ತು. ಇದಕ್ಕಾಗಿಯೇ ಮರ, ಇದಕ್ಕಾಗಿಯೇ ಇಪ್ಪತ್ತರ ಡಬ್ಬಿ. ಪೀಠಿಕೆಯನ್ನು ಬಿಟ್ಟು ನೇರ ವಿಷಯಕ್ಕೆ ಹೋದರೆ ಅರ್ಧ ನಿಮಿಷ. ಅದಾಲ್ಸಿರ್ ಉಸಿರು ಎಳೆದುಕೊಂಡ, ಅಷ್ಟರಲ್ಲಿ ಮೇಷ್ಟ್ರೇ ಮಾತಾಡಿದರು.

“ಅರ್ಜಿ ಅಂದ್ಯಲ್ಲ. ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಆ ಮನುಷ್ಯ ಯಾರು ಅಂತ ಗೊತ್ತಾಗತ್ತಾ?”

“ಯಾವ ಮನುಷ್ಯ?”

“ಅದೇ ತೀರ್ಪು ಕೊಟ್ಟೋನು. ‘ಸ್ವರ ಎಲ್ಲ ಚೊಕ್ಕ, ಆದ್ರೆ ಸ್ವರದ ನಡುವೆ ಮೌನ ಇಲ್ಲ’ ಅಂತ ಬರೆದೋನು.”

ಆ ಶುಕ್ರವಾರ ಕಳೆದು ಎರಡು ತಿಂಗಳಾದ ಮೇಲೆ, ಏನಾದರೂ ಬಂತೇ ಎಂದು ಕೇಳಲು ಮೇಷ್ಟ್ರು ಇದೇ ಜಗಲಿಗೆ ಬಂದಿದ್ದರು. ಆಯ್ಕೆಯಾಗಲಿಲ್ಲ ಎಂದು ಅದಾಲ್ಸಿರ್ ಹೇಳಿದ್ದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೇಷ್ಟ್ರು ಟೋಪಿ ಕೈಲಿ ಹಿಡಿದು ಸುಮ್ಮನೆ ನಿಂತುಬಿಟ್ಟರು. ಮೌನದ ಬಗ್ಗೆ ಇನ್ನೂರ ಹನ್ನೆರಡು ಪುಟ ಬರೆದವನಿಗೆ ಎದುರಿಗಿದ್ದ ಅಂಗೈಯಗಲದ ಮೌನ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದನ್ನು ತೀರ್ಪುಗಾರನ ಮಾತೆಂದು ಹೇಳಿದ. ಬಾಯಿಗೆ ಬಂದದ್ದು ಪ್ರಬಂಧದ ನೂರ ನಾಲ್ಕನೆಯ ಪುಟದ್ದು. ಇನ್ನೊಂದು ಸಲ ಹೇಳು ಎಂದಿದ್ದರು ಮೇಷ್ಟ್ರು. ಇನ್ನೊಂದು ಸಲ ಹೇಳಿದ. ಅದರ ಮುಂದಿನ ವಾರ ಅವರು ಗಿಟಾರನ್ನು ಪ್ರಾರ್ಥನಾ ಮಂದಿರದ ಹುಡುಗರಿಗೆ ಕೊಟ್ಟರು ಎಂದು ಅಕ್ಕ ಬಂದು ಹೇಳಿದ್ದಳು. ಅದೇ ದಿನ ಅವಳು ಅವನ ಮೇಜಿನ ಮೇಲಿನ ಹದಿನಾಲ್ಕು ಪುಟಗಳನ್ನೂ ಕಂಡು, ಅವು ಹೋಗೇ ಇಲ್ಲವೆಂದು ತಿಳಿದುಕೊಂಡಿದ್ದಳು.

“ಯಾಕೆ ಮೇಷ್ಟ್ರೇ? ಅವನ ಮೇಲೆ ಸಿಟ್ಟಾ?”

“ಸಿಟ್ಟಾ? ನಲವತ್ತು ವರ್ಷ ಬಾರ್ಸಿದೀನಿ ಕಣೋ. ಜನ ಕುಣಿದ್ರು, ಕುಡಿದ್ರು, ಹೊಡೆದಾಡಿದ್ರು, ನನ್ನ ಹಾಡಲ್ಲೇ ಮೂರು ಮದ್ವೆ ಕುದುರ್ತು, ಒಂದು ಮುರೀತು. ಒಬ್ಬ ಕೂತು ಕೇಳಿದ್ನಾ? ಇವನೊಬ್ಬ ಕೇಳಿದಾನೆ. ಒಂಬತ್ತೂ ಹಾಡು, ಕೊನೇವರ್ಗೂ. ಇಲ್ದಿದ್ರೆ ಹಂಗೆ ಹೇಳಕ್ಕೆ ಬರಲ್ಲ.”

ಅದಾಲ್ಸಿರ್‌ನ ಹಿಡಿತ ಸಡಿಲಿತು. “ಎಳಿ, ಎಳಿ,” ಎಂದರು ಮೇಷ್ಟ್ರು ಮೆತ್ತಗೆ. ಎಳೆದ.

“ಗಿಟಾರು ಕೊಟ್ಬಿಟ್ಟೆ ಯಾಕೆ ಗೊತ್ತಾ? ಕೈಗೆ ಸಿಕ್ರೆ ಬೆರಳು ಸುಮ್ನಿರಲ್ಲ, ಹಳೇ ಚಾಳಿ, ಎಲ್ಲೆಲ್ಲೂ ತುಂಬಿಸ್ತಾವೆ. ಈಗ ಕೆಲ್ಸದ ನಡುವೆ, ದೋಣಿ ಅಂಚಿನ ಮೇಲೆ ಬೆರಳಿಟ್ಟು ಬಾರಿಸ್ತೀನಿ. ಎಲ್ಲಿ ಬಿಡ್ಬೇಕು ಅಂತ ನೋಡ್ತೀನಿ.” ನಕ್ಕರು. “ಗಿಟಾರೇ ಇಲ್ದಿದ್ರೆ ಮೌನದ ಪ್ರಾಕ್ಟೀಸು ಭೇಷಾಗಿ ಆಗತ್ತೆ. ಶೆಡ್ಡಿನೋರೆಲ್ಲ ಮುದುಕಂಗೆ ಕೈ ನಡುಗೋ ಕಾಯಿಲೆ ಅಂದ್ಕೊಂಡಿದಾರೆ.”

ಮಳೆ ಬಂತು. ತಗಡಿನ ಸೂರಿನ ಮೇಲೆ ಕಿವಿಗಡಚಿಕ್ಕುವ ಸದ್ದು. ಎರಚಲು ತಾಗದಿರಲಿ ಎಂದು, ಕೈ ಬಿಡದೆ, ಮೇಜನ್ನು ಸೊಂಟದಿಂದ ತಳ್ಳಿಕೊಂಡು ಗೋಡೆಯ ಕಡೆ ಸರಿದರು. ಒಬ್ಬರ ಹೆಜ್ಜೆ ಒಬ್ಬರಿಗೆ ಸಿಗದೆ, ಮದುವೆಯಲ್ಲಿ ಒತ್ತಾಯಕ್ಕೆ ಕುಣಿದವರ ಹಾಗೆ. ಈಗ ಹೇಳಿದರೆ ಏನಾಗುತ್ತದೆ ಎಂದು ಅದಾಲ್ಸಿರ್ ಯೋಚಿಸಿದ. ತೋಳು ಹೋಗುತ್ತದೆ, ಹೋಗಲಿ, ಇನ್ನೊಂದು ಕಿಟಕಿಗೆ ಆದೀತು. ಸ್ನೇಹ ಹೋಗುತ್ತದೆ, ಅದು ಹೋಗಬೇಕಾದದ್ದೇ. ಆದರೆ ಕೂತು ಕೇಳಿದ ಆ ಒಬ್ಬನೂ ಹೋಗುತ್ತಾನೆ. ನಾಲ್ಕು ವರ್ಷದಿಂದ ಈ ಮುದುಕ ದೋಣಿಯ ಅಂಚಿನ ಮೇಲೆ ಯಾರಿಗಾಗಿ ಬಾರಿಸುತ್ತಿದ್ದಾನೋ ಅವನು. ಹಾಗಾದರೆ ಹೇಳದಿರುವುದು ದಯೆ. ದಯೆ! ಎಷ್ಟು ಬೇಗ ಸಿಕ್ಕಿತು ಆ ಪದ. ಅಂಜುಬುರುಕನಿಗೆ ಪದಗಳು ಯಾವತ್ತೂ ಕೈಗೆಟುಕುವ ಎತ್ತರದಲ್ಲೇ ಇರುತ್ತವೆ. ಹೇಳುವುದೇ ದಯೆ ಎಂದು ತೋರಿಸಲೂ ಅವನಿಗೆ ಅಷ್ಟೇ ಹೊತ್ತು ಸಾಕಿತ್ತು. ಎರಡೂ ಕಡೆಯ ವಾದಗಳು ಸಿದ್ಧವಾದವು, ಹದಿನೆಂಟನೆಯ ನಿಮಿಷವೂ ಆಯಿತು.

“ಈ ವರ್ಷ ಮತ್ತೆ ಕರೆದಿದಾರಂತೆ ಅರ್ಜಿ,” ಮೇಷ್ಟ್ರು ಮಳೆಯ ಸದ್ದು ಮೀರಿಸಿ ಕೂಗಿ ಹೇಳಿದರು. “ಬರಿ. ಅದೇ ಮನುಷ್ಯ ಇದ್ರೆ ಅವನಿಗೆ ಗೊತ್ತಾಗತ್ತೆ ನಾನು ಕೇಳಿಸ್ಕೊಂಡೆ ಅಂತ. ಗಿಟಾರು ಎಲ್ಲಾದ್ರೂ ಒಂದು ವಾರಕ್ಕೆ ಇಸ್ಕೊಂಡು ಹಾಡು ಹಿಡಿಸ್ತೀನಿ.”

“ಇದರಲ್ಲೇ ಬಾರಿಸಿ.”

“ಯಾವುದರಲ್ಲಿ?”

“ಇದೇ. ಇದು ನಿಮಗೇ ಮೇಷ್ಟ್ರೇ.”

ಮೇಷ್ಟ್ರು ಕೆಳಗೆ ನೋಡಿದರು. ಹೆಬ್ಬೆರಳನ್ನು ಕಟ್ಟಿನ ಅಗಲಕ್ಕೆ ಚಾಚಿ ಅಳೆದರು. “ನಾನೂ ನೋಡ್ದೆ,” ಎಂದರು. “ನಿನ್ನ ಆ ಮಲ್ಲಿಗೆ ಬೆರಳಿಗೆ ಇಷ್ಟು ಅಗಲ ಯಾಕಪ್ಪಾ, ಡಾಕ್ಟ್ರು ಲೆಕ್ಕ ತಪ್ಪಿದಾರೆ ಅಂದ್ಕೊಂಡೆ.” ಆಮೇಲೆ ನಗಲಿಲ್ಲ. ಮಳೆಯನ್ನು ನೋಡಿದರು, ಕಿಟಕಿಯನ್ನು ನೋಡಿದರು, ಅಲ್ಲಿ ದುಲ್ಸಿ ಸೌಟು ಹಿಡಿದು ನಿಂತಿದ್ದಳು. ಕೊನೆಗೆ ಅವನ ಮುಖವನ್ನು ನೋಡಿದರು. “ಯಾಕೋ?”

ಇಷ್ಟು ದೊಡ್ಡ ಬಾಗಿಲನ್ನು ಯಾರೂ ಯಾರಿಗೂ ತೆರೆದಿಟ್ಟಿರಲಾರರು. ಅದಾಲ್ಸಿರ್ ನೋಡಿದ, ಅದರ ಎತ್ತರ, ಅಗಲ, ಚೌಕಟ್ಟು ಎಲ್ಲವನ್ನೂ ನೋಡಿದ.

“ಪಟ್ಟಿ ಮಿಕ್ಕಿತ್ತು,” ಎಂದ.

“ಸುಳ್ಳ,” ಎಂದರು ಮೇಷ್ಟ್ರು ಪ್ರೀತಿಯಿಂದ. ತಮ್ಮ ಬಲಗೈಯನ್ನು ಮೆಲ್ಲಗೆ ಬಿಟ್ಟು ನೋಡಿದರು. ಕಟ್ಟು ಅಲುಗಲಿಲ್ಲ. ಎಡಗೈಯನ್ನೂ ಬಿಟ್ಟರು. “ಕಚ್ಚಿದೆ. ನೀನೂ ಬಿಡು ಇನ್ನ.” ಅವನಿಗೆ ಬೆರಳು ಬಿಚ್ಚಲಾಗಲಿಲ್ಲ, ಅಷ್ಟು ಬಿಗಿಹಿಡಿದಿದ್ದ; ಮೇಷ್ಟ್ರೇ ಒಂದೊಂದಾಗಿ ಬಿಡಿಸಿದರು.

ಊಟಕ್ಕೆ ಹುರಿದ ಮೀನು, ಅಸಾಯಿ, ಮರಗೆಣಸಿನ ಹಿಟ್ಟು. ದುಲ್ಸಿ ಬಡಿಸುವಾಗ ಮೊದಲು ತಮ್ಮನ ಮುಖ ನೋಡಿದಳು, ಆಮೇಲೆ ಮೇಷ್ಟ್ರ ಮುಖ. ತಮ್ಮನ ತಟ್ಟೆಗೆ ಬಾಲದ ತುಂಡು ಹಾಕಿದಳು. ಎರಡು ದಿನದ ಮೇಲೆ ರಬ್ಬರು ಬಿಚ್ಚಿದಾಗ ತೋಳು ನೇರವಾಗಿತ್ತು. ಮೇಷ್ಟ್ರು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ, ಮೊದಲ ಸಹಿಗೆ ಮೊಹರು ಒತ್ತುವ ಮುಂಚೆ, ಅದಾಲ್ಸಿರ್ ಒಂದೂವರೆ ಪುಟದ ಅರ್ಜಿ ಬರೆದು, ಹಾಡು ಆಮೇಲೆ ಸೇರಿಸಬಹುದೆಂದು ನೋಡಿಕೊಂಡು, ಎರಡನೆಯ ಸಲ ಓದದೆ ಕಳಿಸಿದ. ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು.

ಮೊದಲ ಅರ್ಜಿಯನ್ನು ತಾನು ಕಳಿಸಲೇ ಇಲ್ಲವೆಂದು, ಆ ಒಂಬತ್ತು ಹಾಡುಗಳನ್ನು ಯಾರೂ ಕೂತು ಕೇಳಿರಲಿಲ್ಲವೆಂದು, ತಾನೂ ಕೇಳಿರಲಿಲ್ಲವೆಂದು ಅವನು ಮೇಷ್ಟ್ರಿಗೆ ಯಾವತ್ತೂ ಹೇಳಲಿಲ್ಲ.